ಶಿರಾಡಿ ಹತ್ತುವಾಗ ಇಂಜಿನ್ ಹೀಟ್, ಈಗ ಹೆಡ್ ಗ್ಯಾಸ್ಕೆಟ್ ಅಂತ 32,000 ಕೇಳುತ್ತಿದ್ದಾರೆ. ಬಿಚ್ಚಿಸಲಾ, ಬೇಡವಾ?

ಪುತ್ತೂರು–ಪೀಣ್ಯ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅರ್ಧ ಹೇಳಿ ಅರ್ಧ ಬಿಟ್ಟರೆ ನೀವು ಮತ್ತೆ ಮತ್ತೆ ಕೇಳಬೇಕಾಗುತ್ತದೆ.

ಗಾಡಿ 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಇಂಜಿನ್, ಓಡಿರುವುದು 1,12,000 ಕಿಲೋಮೀಟರ್. ಮೀಟರ್‌ನಲ್ಲಿ ಟೆಂಪರೇಚರ್ ಮುಳ್ಳು ಇಲ್ಲ. ಇಂಜಿನ್ ತಣ್ಣಗಿದ್ದರೆ ನೀಲಿ ದೀಪ, ಮಿತಿಮೀರಿ ಬಿಸಿಯಾದರೆ ಕೆಂಪು ದೀಪ. ಮಧ್ಯದಲ್ಲಿ ಏನಾಗುತ್ತಿದೆ ಅಂತ ದೇವರಿಗೇ ಗೊತ್ತು.

ಮೇ ತಿಂಗಳಲ್ಲಿ ಊರಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ನಾಲ್ಕು ಜನ, ಡಿಕ್ಕಿಯಲ್ಲಿ 25 ಕೆಜಿ ಕುಚ್ಚಲಕ್ಕಿ, ಮೂರು ಹಲಸಿನ ಹಣ್ಣು, ಎಸಿ ಫುಲ್. ಗುಂಡ್ಯ ದಾಟಿ ಘಾಟಿ ಶುರುವಾದ ಮೇಲೆ ಮುಂದೆ ಸಾಲಾಗಿ ಗ್ಯಾಸ್ ಟ್ಯಾಂಕರ್‌ಗಳು. ಫಸ್ಟ್ ಗೇರ್, ಸೆಕೆಂಡ್ ಗೇರ್, ನಿಲ್ಲು, ಹೊರಡು. ಒಳಗೆ ಏನೋ ಸಿಹಿ ವಾಸನೆ ಬರುತ್ತಿದೆ ಅಂತ ಹೆಂಡತಿ ಹೇಳಿದಳು. ಹಲಸಿನ ಹಣ್ಣು ಒಡೆದಿರಬೇಕು ಅಂತ ನಾನು ಸುಮ್ಮನಾದೆ. ಹತ್ತು ನಿಮಿಷ ಆಗಿರಬಹುದು, ಮಾರನಹಳ್ಳಿ ಹತ್ತಿರ ಕೆಂಪು ದೀಪ ಉರಿಯಿತು. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದರೆ ರಿಸರ್ವ್ ಬಾಟಲಿಯಿಂದ ನೀರು ಕುದಿದು ಉಕ್ಕುತ್ತಿತ್ತು, ಹಾಲು ಉಕ್ಕಿದ ಹಾಗೆ. ಹಲಸಿನ ಹಣ್ಣುಗಳು ನೆಟ್ಟಗೇ ಇದ್ದವು, ಸಿಹಿ ವಾಸನೆ ಆ ನೀರಿನಲ್ಲಿದ್ದ ಕೂಲಂಟ್‌ನದು (ಇಂಜಿನ್ ತಣ್ಣಗಿಡಲು ಹಾಕುವ ದ್ರವ).

ಮುಕ್ಕಾಲು ಗಂಟೆ ಕಾದು, ನೀರು ಹಾಕಿಕೊಂಡು, ಎಸಿ ಇಲ್ಲದೆ ನಿಧಾನಕ್ಕೆ ಸಕಲೇಶಪುರ ತಲುಪಿದೆವು. ಅಲ್ಲಿ ಒಬ್ಬ ಮೆಕ್ಯಾನಿಕ್ ಥರ್ಮೋಸ್ಟಾಟ್ ವಾಲ್ವ್ (ರೇಡಿಯೇಟರ್‌ಗೆ ನೀರು ಬಿಡುವ ಬಾಗಿಲು) ತೆಗೆದು ಕೈಗೆ ಕೊಟ್ಟು, 'ಇದು ನಮ್ಮ ದೇಶಕ್ಕೆ ಬೇಡ ಸಾರ್' ಅಂದರು. ಬೆಂಗಳೂರಿನವರೆಗೆ ತೊಂದರೆ ಆಗಲಿಲ್ಲ.

ಆಮೇಲಿಂದ ಹೀಗಿದೆ. ಊರೊಳಗಿನ ಟ್ರಾಫಿಕ್‌ನಲ್ಲಿ ಏನೂ ಆಗುವುದಿಲ್ಲ. ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಅರ್ಧ ಗಂಟೆ ನಿಂತರೂ ಸರಿ. ಆದರೆ ತುಮಕೂರು ರಸ್ತೆಯಲ್ಲಿ 90–100ರಲ್ಲಿ ಇಪ್ಪತ್ತು ನಿಮಿಷ ಓಡಿಸಿದರೆ ಕೆಂಪು ದೀಪ ಮಿಣುಕುತ್ತದೆ. 70ಕ್ಕೆ ಇಳಿಸಿದರೆ ಆರುತ್ತದೆ. ಮೈಲೇಜ್ ಕೂಡ 16ರಿಂದ 13ಕ್ಕೆ ಬಂದಿದೆ.

ಮನೆ ಹತ್ತಿರದ ಇನ್ನೊಂದು ಗ್ಯಾರೇಜಿಗೆ ತೋರಿಸಿದೆ. ರೇಡಿಯೇಟರ್ ಮುಚ್ಚಳ ತೆಗೆದು ಇಂಜಿನ್ ಸ್ಟಾರ್ಟ್ ಮಾಡಿ, ಗುಳ್ಳೆ ಬರುವುದನ್ನು ತೋರಿಸಿ, 'ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಬೇಕು, ಫೇಸಿಂಗ್ ಮಾಡಿಸಬೇಕು, ಎಲ್ಲಾ ಸೇರಿ 32,000' ಅಂದರು. (ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪ್ಯಾಕಿಂಗ್, ಫೇಸಿಂಗ್ ಅಂದರೆ ಹೆಡ್‌ನ ಮುಖ ಸಮತಟ್ಟು ಮಾಡುವುದು.) ಗಾಡಿ ಮಾರಿದರೆ ಎರಡೂವರೆ ಲಕ್ಷ ಬಂದರೆ ಜಾಸ್ತಿ. ಏನು ಮಾಡಲಿ? ಬಿಚ್ಚಿಸಲಾ, ಇಲ್ಲ ಕೊಟ್ಟುಬಿಡಲಾ?

---

ಸ್ಪ್ಯಾನರ್ 12

ಎರಡೂ ಬೇಡ, ಸದ್ಯಕ್ಕೆ.

ನಾನು ಗ್ಯಾರೇಜ್ ಕೆಲಸದಲ್ಲೇ 14 ವರ್ಷ ಇದ್ದವನು. ಗುಳ್ಳೆ ನೋಡಿ ಹೆಡ್ ಬಿಚ್ಚುವವರನ್ನು ಬಹಳ ನೋಡಿದ್ದೇನೆ. ನೀವು ಘಾಟಿಯಲ್ಲಿ ನೀರು ಹಾಕಿದ್ದೀರಿ. ಆಮೇಲೆ ಥರ್ಮೋಸ್ಟಾಟ್ ತೆಗೆಯುವಾಗ ನೀರು ಇಳಿಸಿ ಮತ್ತೆ ತುಂಬಿದ್ದಾರೆ. ಗಾಳಿ ಸರಿಯಾಗಿ ಹೊರಗೆ ತೆಗೆದಿದ್ದಾರಾ? ತೆಗೆದಿಲ್ಲ ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿಯೇ ಗುಳ್ಳೆಯಾಗಿ ಬರುತ್ತದೆ. ಇಂಜಿನ್ ಪೂರ್ತಿ ಬಿಸಿಯಾಗಿ, ಫ್ಯಾನ್ ಎರಡು ಮೂರು ಸಲ ಆನ್ ಆಫ್ ಆದ ಮೇಲೂ ಗುಳ್ಳೆ ನಿಲ್ಲದಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಇನ್ನೂ ಜೋರಾದರೆ, ಆಗ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಬಹುದು. ಮುಚ್ಚಳ ತೆಗೆದ ಎರಡು ನಿಮಿಷದಲ್ಲಿ ಬಂದ ಗುಳ್ಳೆಗೆ 32,000 ಕೊಡಬೇಡಿ.

ನೀವು ಬರೆದಿರುವುದರಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದೇ. ನಿಂತಾಗ ತಣ್ಣಗೆ, ಓಡಿದಾಗ ಬಿಸಿ. ಇದು ಉಲ್ಟಾ ಇದ್ದಿದ್ದರೆ, ಅಂದರೆ ಸಿಗ್ನಲ್‌ನಲ್ಲಿ ಬಿಸಿಯಾಗಿ ಹೈವೇಯಲ್ಲಿ ಇಳಿದಿದ್ದರೆ, ಫ್ಯಾನ್ ನೋಡಿ ಅನ್ನುತ್ತಿದ್ದೆ. ಫ್ಯಾನ್ ಮೋಟರ್, ರಿಲೇ, ಫ್ಯೂಸ್, ಇಲ್ಲಾಂದ್ರೆ ರೇಡಿಯೇಟರ್ ಮುಂದೆ ಕೂತಿರುವ ಎಸಿ ಕಂಡೆನ್ಸರ್‌ನಲ್ಲಿ ಕೆಸರು, ಹುಳ. ಯಾಕೆಂದರೆ ಗಾಡಿ ನಿಂತಿದ್ದಾಗ ಗಾಳಿ ಎಳೆಯುವುದು ಫ್ಯಾನ್ ಒಂದೇ. 80ರಲ್ಲಿ ಓಡುವಾಗ ಫ್ಯಾನ್ ಕೆಲಸವೇ ಇಲ್ಲ, ಎದುರುಗಾಳಿಯೇ ಸಾಕು. ನಿಮ್ಮದು ಸಿಗ್ನಲ್‌ನಲ್ಲಿ ಸರಿಯಿದೆ, ಅಂದರೆ ಫ್ಯಾನ್ ಬದುಕಿದೆ. ಓಡುವಾಗ ಗಾಳಿ ಬೇಕಾದಷ್ಟಿದೆ, ಆದರೂ ಬಿಸಿ. ಹಾಗಾದರೆ ಬಿಸಿನೀರು ರೇಡಿಯೇಟರ್ ಒಳಗೆ ಸರಿಯಾಗಿ ಹರಿಯುತ್ತಿಲ್ಲ. ಒಳಗೆ ಕಟ್ಟಿಕೊಂಡಿರಬೇಕು, ಅಥವಾ ನೀರೇ ಕಮ್ಮಿ ಇರಬೇಕು, ಅಥವಾ ವಾಟರ್ ಪಂಪ್ ರೆಕ್ಕೆ ಸವೆದಿರಬೇಕು.

ಘಾಟಿ ವಿಷಯ ಸ್ವಲ್ಪ ಮೋಸ. ಅಲ್ಲಿ ಸ್ಪೀಡ್ ಇಲ್ಲ, ಲೋಡ್ ಜಾಸ್ತಿ, ಎಸಿ ಬೇರೆ. ಯಾವ ದೋಷ ಇದ್ದರೂ ಅಲ್ಲಿ ಹೊರಗೆ ಬೀಳುತ್ತದೆ. ಅದರಿಂದ ಯಾವುದು ಅಂತ ಹೇಳಲು ಆಗುವುದಿಲ್ಲ. ನಿಮ್ಮ ತುಮಕೂರು ರಸ್ತೆಯೇ ಸರಿಯಾದ ಸಾಕ್ಷಿ.

ಮೂರು ಪ್ರಶ್ನೆ ಕೇಳುತ್ತೇನೆ, ನೋಡಿ ಹೇಳಿ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ನೀರು ಬಾಯಿವರೆಗೆ ಇದೆಯಾ? ಆಗ ರಿಸರ್ವ್ ಬಾಟಲಿಯಲ್ಲಿ ಎಷ್ಟಿದೆ? ಇಂಜಿನ್ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬೆಣ್ಣೆ ತರಹ ಬಿಳಿ ಅಂಟು ಇದೆಯಾ? (ಗ್ಯಾಸ್ಕೆಟ್ ಹೋಗಿ ನೀರು ಆಯಿಲ್‌ಗೆ ಸೇರಿದರೆ ಹಾಗಾಗುತ್ತದೆ.) ಇನ್ನೊಂದು, ಇಷ್ಟು ದಿನ ಟಾಪ್ ಅಪ್ ಮಾಡಿದ್ದು ಯಾವ ನೀರಲ್ಲಿ? ನಿಜ ಹೇಳಿ.

ಬಿಸಿ ಇದ್ದಾಗ ಆ ಮುಚ್ಚಳ ಮುಟ್ಟಬೇಡಿ. ನನ್ನ ಎಡಗೈ ಮೇಲೆ ಇನ್ನೂ ಕಲೆ ಇದೆ.

---

ತುಮಕೂರು ಟಾಪ್ ಗೇರ್

ಸಕಲೇಶಪುರದವರು ಹೇಳಿದ್ದರಲ್ಲಿ ತಪ್ಪೇನಿಲ್ಲ ಅನಿಸುತ್ತದೆ. ಥರ್ಮೋಸ್ಟಾಟ್ ಇರುವುದು ಚಳಿ ದೇಶಕ್ಕೆ. ನಮ್ಮಪ್ಪನ ಗಾಡಿಯಲ್ಲಿ ಹತ್ತು ವರ್ಷದಿಂದ ಇಲ್ಲ, ಏನೂ ಆಗಿಲ್ಲ. ವಾಲ್ವ್ ತೆಗೆದ ಮೇಲೂ ಬಿಸಿ ಆಗುತ್ತಿದೆ ಅಂದರೆ ಗ್ಯಾಸ್ಕೆಟ್ ಇರಬಹುದು. ಈಗಲೇ ಮಾಡಿಸಿ. ತಡ ಮಾಡಿದರೆ ಇಂಜಿನ್ ಸೀಜ್ ಆಗಿ 32,000 ಇದ್ದದ್ದು 80,000 ಆಗುತ್ತದೆ.

---

ಸ್ಪ್ಯಾನರ್ 12

ಟಾಪ್ ಗೇರ್ ಅವರೇ, ಒಂದು ನಿಮಿಷ. ಥರ್ಮೋಸ್ಟಾಟ್ ಚಳಿ ದೇಶಕ್ಕೆ ಅನ್ನುವುದು ನಮ್ಮ ಗ್ಯಾರೇಜುಗಳ ಹಳೇ ಮಾತು. ಅದರೊಳಗೆ ಒಂದು ಚಿಕ್ಕ ಮೇಣದ ಡಬ್ಬಿ ಇರುತ್ತದೆ. ನೀರು ಸುಮಾರು 82ರಿಂದ 88 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಅಲ್ಲಿವರೆಗೆ ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್ ಒಳಗೇ ಸುತ್ತುತ್ತದೆ. ಇಂಜಿನ್ ಬೇಗ ಬಿಸಿಯಾಗಲಿ ಅಂತ. ಬೆಂಗಳೂರಿನ ಡಿಸೆಂಬರ್ ಇರಲಿ, ರಾಯಚೂರಿನ ಏಪ್ರಿಲ್ ಇರಲಿ, ಇಂಜಿನ್‌ಗೆ ಬೇಕಾದ ಬಿಸಿ 90ರ ಆಸುಪಾಸೇ. ಹೊರಗಿನ 40 ಡಿಗ್ರಿ ಅದಕ್ಕೆ ತಣ್ಣೀರೇ. ವಾಲ್ವ್ ತೆಗೆದರೆ ಇಂಜಿನ್ ಬಹಳ ಹೊತ್ತು ತಣ್ಣಗೇ ಓಡುತ್ತದೆ, ಇಸಿಯು (ಇಂಜಿನ್ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಇವರ ಮೈಲೇಜ್ 16ರಿಂದ 13ಕ್ಕೆ ಬಂದಿದ್ದು ಸುಮ್ನೆ ಅಲ್ಲ.

ಇನ್ನೊಂದು ಮಾತೂ ಕೇಳಿರುತ್ತೀರಿ, ವಾಲ್ವ್ ಇಲ್ಲದಿದ್ದರೆ ನೀರು ಜೋರಾಗಿ ಓಡಿ ತಣ್ಣಗಾಗಲು ಸಮಯವೇ ಸಿಗುವುದಿಲ್ಲ ಅಂತ. ಅದು ಸುಳ್ಳು. ನೀರು ಜೋರಾಗಿ ಹರಿದಷ್ಟೂ ಬಿಸಿ ಜಾಸ್ತಿಯೇ ಸಾಗುತ್ತದೆ. ಅಸಲು ತೊಂದರೆ ಬೇರೆ. ಕೆಲವು ಇಂಜಿನ್‌ಗಳಲ್ಲಿ ಆ ವಾಲ್ವ್‌ನ ಕೆಳಗಿನ ತಟ್ಟೆ, ಬಾಗಿಲು ತೆರೆದಾಗ, ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದಿರುತ್ತದೆ, ಒಂದಷ್ಟು ಬಿಸಿನೀರು ರೇಡಿಯೇಟರ್ ಮುಖವನ್ನೇ ನೋಡದೆ ವಾಪಸ್ ಇಂಜಿನ್‌ಗೆ ಹೋಗುತ್ತದೆ. ಹೈವೇಯಲ್ಲಿ ಬಿಸಿಯಾಗಲು ಅದೂ ಒಂದು ಕಾರಣ ಇರಬಹುದು.

ಸೀಜ್ ಆಗುವ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಸರಿ. ಕೆಂಪು ದೀಪ ನೋಡಿಕೊಂಡು ಓಡಿಸಿದರೆ ಅಲ್ಯುಮಿನಿಯಂ ಹೆಡ್ ಡೊಂಕಾಗುತ್ತದೆ, ಆಮೇಲೆ ಯಾವ ವಾದವೂ ಬೇಡ. ಹಾಗಾಗಿ ಪುತ್ತೂರಿನವರೇ, ಇದು ಮುಗಿಯುವವರೆಗೆ ಹೈವೇ ಬೇಡ.

---

ಹಳೇ ಅಂಬಾಸಿಡರ್

ನಾನು ಕೊಟ್ಟಿಗೆಹಾರದಿಂದ ಉಜಿರೆಗೆ ಚಾರ್ಮಾಡಿಯಲ್ಲಿ ಬಾಡಿಗೆ ಅಂಬಾಸಿಡರ್ ಓಡಿಸಿದವನು, ಇಪ್ಪತ್ತು ವರ್ಷದ ಮೇಲೆ. ಆಗೆಲ್ಲ ಹೀಟ್ ಆಗುವುದು ಸುದ್ದಿಯೇ ಅಲ್ಲ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಡಿಕ್ಕಿಯಲ್ಲಿ ಎರಡು ಕ್ಯಾನ್ ನೀರು ಇದ್ದೇ ಇರಬೇಕು. ಇಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿಕೊಂಡು ಹತ್ತುತ್ತಿದ್ದೆವು. ಇಲ್ಲದಿದ್ದರೆ ಬಿಸಿಗೆ ಒಳಗಿನ ಪೆಟ್ರೋಲ್ ಆವಿಯಾಗಿ ಗಾಡಿ ತಿರುವಿನಲ್ಲೇ ನಿಲ್ಲುತ್ತಿತ್ತು. ಬಟ್ಟೆ ಒಣಗಿತಾ, ಇಳಿ, ನೀರು ಹಾಕು, ಹತ್ತು.

ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ. ನಗಬೇಡಿ, ಅದು ಹೋಗಿ ಸಣ್ಣ ತೂತಿನಲ್ಲಿ ಕೂತು ಬೆಂದು ಗಟ್ಟಿಯಾಗುತ್ತದೆ, ಊರು ಮುಟ್ಟಿಸುತ್ತದೆ. ಆದರೆ ಊರು ಮುಟ್ಟಿದ ಮೇಲೆ ರೇಡಿಯೇಟರ್ ಇಳಿಸಿ ತೊಳೆಸಲೇಬೇಕಿತ್ತು. ತೊಳೆಸದವರ ಗಾಡಿ ಮುಂದಿನ ವಾರ ಮತ್ತೆ ಕುದಿಯುತ್ತಿತ್ತು. ಆಗ ತಾಮ್ರ ಹಿತ್ತಾಳೆ ರೇಡಿಯೇಟರ್, ಮೇಲಿನ ತೊಟ್ಟಿ ಬಿಚ್ಚಿ ಒಳಗೆ ಕಡ್ಡಿ ಹಾಕಿ ಒಂದೊಂದೇ ಕೊಳವೆ ಕೆರೆದು, ಬೆಸುಗೆ ಹಾಕಿ ಕೊಡುತ್ತಿದ್ದರು. ಈಗಿನದು ಅಲ್ಯುಮಿನಿಯಂ, ತಲೆ ಬುಡ ಎರಡೂ ಪ್ಲಾಸ್ಟಿಕ್. ಕೆರೆಯಲು ಹೋದರೆ ಹರಿಯುತ್ತದೆ. ಹೊಸದೇ ಹಾಕಬೇಕು.

ಪುತ್ತೂರಿನವರೇ, ಸಕಲೇಶಪುರದಲ್ಲಿ ಅರಿಶಿನ ಗಿರಿಶಿನ ಹಾಕಿಲ್ಲ ತಾನೆ? ನೀರಿನ ಬಣ್ಣ ನೋಡಿ.

---

ಪುತ್ತೂರು–ಪೀಣ್ಯ

ಅರಿಶಿನ ಇಲ್ಲ ಮಾರಾಯ್ರೇ, ಆದರೆ ಬಣ್ಣ ಬೇರೆ ತರಹವೇ ಇದೆ.

ಇವತ್ತು ಬೆಳಿಗ್ಗೆ ಆರು ಗಂಟೆಗೆ ಬಾನೆಟ್ ತೆಗೆದೆ. ರಿಸರ್ವ್ ಬಾಟಲಿ ಬಾಯಿವರೆಗೆ ತುಂಬಿದೆ, ಫುಲ್ ಗೆರೆಗಿಂತ ಎರಡು ಬೆರಳು ಮೇಲೆ. ರೇಡಿಯೇಟರ್ ಮುಚ್ಚಳ ತೆಗೆದರೆ ಒಳಗೆ ನೀರೇ ಕಾಣುವುದಿಲ್ಲ. ಟಾರ್ಚ್ ಹಾಕಿ ನೋಡಿದೆ. ಮುಕ್ಕಾಲು ಲೀಟರ್ ಹಾಕಿದ ಮೇಲೆ ಬಾಯಿಗೆ ಬಂತು. ನೀರು ತುಕ್ಕಿನ ಬಣ್ಣ. ಮುಚ್ಚಳದ ಕೆಳಗಿನ ರಬ್ಬರ್ ಗಟ್ಟಿಯಾಗಿ ಒಂದು ಕಡೆ ಸೀಳಿದೆ, ಅದರ ಮೇಲೆ ಬಿಳಿ ಪುಡಿ. ಆಯಿಲ್ ಮುಚ್ಚಳ ಒಳಗೆ ಕ್ಲೀನ್ ಇದೆ, ಆಯಿಲ್ ಕಡ್ಡಿಯೂ ಸರಿಯಾಗಿದೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಇಲ್ಲ.

ಯಾವ ನೀರು ಅಂದಿರಲ್ಲ. ಕೂಲಂಟ್ ಹಾಕಿಸಿದ್ದು ನಾಲ್ಕು ವರ್ಷದ ಹಿಂದೆ. ಆಮೇಲೆ ಕಮ್ಮಿಯಾದಾಗಲೆಲ್ಲ ಮನೆಯ ಬೋರ್‌ವೆಲ್ ನೀರು. ವಾಟರ್ ವಾಶ್ ಮಾಡುವಾಗ ಪೈಪ್ ಕೈಯಲ್ಲೇ ಇರುತ್ತಲ್ಲ, ಹಾಗೇ ತುಂಬಿಸಿಬಿಡುತ್ತಿದ್ದೆ.

---

ಸ್ಪ್ಯಾನರ್ 12

ಪೀಣ್ಯದ ಬೋರ್‌ವೆಲ್ ನೀರು! ನಿಮ್ಮ ಮನೆಯ ಗೀಸರ್ ಕಾಯಿಲ್ ಯಾವತ್ತಾದರೂ ಬಿಚ್ಚಿ ನೋಡಿದ್ದೀರಾ? ಅದರ ಮೇಲೆ ಸುಣ್ಣದ ಚಿಪ್ಪು ಕಟ್ಟಿರುತ್ತದಲ್ಲ, ಅದೇ ನಿಮ್ಮ ರೇಡಿಯೇಟರ್ ಒಳಗೂ ಕಟ್ಟಿದೆ. ಅದರ ಕೊಳವೆಗಳ ಸಂದು ಒಂದೆರಡು ಮಿಲಿಮೀಟರ್. ಗೀಸರ್‌ನಲ್ಲಾದರೆ ಬರೀ ಕರೆಂಟ್ ಬಿಲ್ ಏರುತ್ತದೆ, ಇಲ್ಲಿ ದಾರಿಯೇ ಮುಚ್ಚಿಹೋಗುತ್ತದೆ.

ಈಗ ಆ ಮುಚ್ಚಳದ ಕಥೆ. ಅದನ್ನು ಬರೀ ಮುಚ್ಚಳ ಅಂದುಕೊಳ್ಳಬೇಡಿ. ಅಡುಗೆಮನೆಯ ಕುಕ್ಕರ್ ಇದೆಯಲ್ಲ, ಗ್ಯಾಸ್ಕೆಟ್ ಸಡಿಲವಾದರೆ ಸೀಟಿಯೇ ಬರುವುದಿಲ್ಲ, ಬೇಳೆ ಬೇಯುವುದಿಲ್ಲ. ಯಾಕೆ? ಒತ್ತಡ ನಿಲ್ಲದಿದ್ದರೆ ನೀರಿನ ಬಿಸಿ ಕುದಿಯುವ ಹಂತ ದಾಟಿ ಮೇಲೆ ಹೋಗುವುದಿಲ್ಲ. ರೇಡಿಯೇಟರ್‌ನಲ್ಲೂ ಅದೇ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಅಷ್ಟು ಒತ್ತಡ ಹಿಡಿದಿಡಬೇಕು. 1.1 ಮುಚ್ಚಳ ಸರಿಯಿದ್ದು, ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ನೀರು ಇದ್ದರೆ 125 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ನಿಮ್ಮದು ಹೆಚ್ಚುಕಮ್ಮಿ ಬರೀ ನೀರು, ಮುಚ್ಚಳ ಸೀಳಿದೆ. ಬೆಂಗಳೂರು, ಸಕಲೇಶಪುರ ಎರಡೂ ಸಮುದ್ರಮಟ್ಟದಿಂದ 900 ಮೀಟರ್ ಮೇಲಿವೆ, ಇಲ್ಲಿ ತೆರೆದ ಪಾತ್ರೆಯ ನೀರು 97ಕ್ಕೇ ಕುದಿಯುತ್ತದೆ. ಇಂಜಿನ್ ಫ್ಯಾನ್ ಆನ್ ಆಗುವುದೇ ಸುಮಾರು 95ರಿಂದ 100ರಲ್ಲಿ. ಲೆಕ್ಕ ಹಾಕಿ.

ಇನ್ನೊಂದು ಕೆಲಸವೂ ಅದರದೇ. ಬಿಸಿಗೆ ಹಿಗ್ಗಿದ ನೀರನ್ನು ಬಾಟಲಿಗೆ ಬಿಡಬೇಕು, ತಣ್ಣಗಾದಾಗ ವಾಪಸ್ ಎಳೆದುಕೊಳ್ಳಬೇಕು. ನಿಮ್ಮದು ಬಿಡುತ್ತಿದೆ, ಎಳೆಯುತ್ತಿಲ್ಲ. ಅದಕ್ಕೇ ಬಾಟಲಿ ತುಂಬಿ ತುಳುಕುತ್ತಿದೆ, ರೇಡಿಯೇಟರ್ ಖಾಲಿ. ಜನ ಬಾಟಲಿ ನೋಡಿ 'ನೀರು ಫುಲ್ ಇದೆ' ಅಂದುಕೊಳ್ಳುತ್ತಾರೆ. ಮೊದಲ ಕೆಲಸ, ಮುಚ್ಚಳ ಬದಲಿಸಿ. ಮೇಲೆ ಏನು ಬರೆದಿದೆಯೋ ಅದೇ ನಂಬರಿನದು ತನ್ನಿ, ಗಟ್ಟಿ ಇರಲಿ ಅಂತ ಜಾಸ್ತಿ ನಂಬರಿನದು ಹಾಕಬೇಡಿ. ಹಳೇ ಹೋಸ್ ಪೈಪ್ ಒಡೆಯುತ್ತದೆ.

---

ನೀಲಿ ಬಾನೆಟ್

ಸ್ಪ್ಯಾನರ್ ಹೇಳಿದ್ದೇ ಸರಿ ಅನಿಸುತ್ತದೆ, ಆದರೂ ಗ್ಯಾಸ್ಕೆಟ್ ಅನುಮಾನವನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗುವುದಕ್ಕಿಂತ ಟೆಸ್ಟ್ ಮಾಡಿಸಿಬಿಡಿ. ಬ್ಲಾಕ್ ಟೆಸ್ಟ್ ಅಂತ ಇದೆ. ರೇಡಿಯೇಟರ್ ಬಾಯಿಗೆ ಒಂದು ಗಾಜಿನ ಕೊಳವೆ ಇಟ್ಟು, ಅದರಲ್ಲಿ ನೀಲಿ ದ್ರವ ಹಾಕಿ, ಒಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಸಿಲಿಂಡರ್‌ನ ಹೊಗೆ ನೀರಿಗೆ ಸೇರುತ್ತಿದ್ದರೆ ಕಾರ್ಬನ್ ಡೈಆಕ್ಸೈಡ್‌ಗೆ ಆ ನೀಲಿ ಹಳದಿಯಾಗುತ್ತದೆ. ನೀಲಿಯಾಗೇ ಉಳಿದರೆ ಗ್ಯಾಸ್ಕೆಟ್ ಬಹುಮಟ್ಟಿಗೆ ಸರಿ. ಹೆಡ್ ಬಿಚ್ಚುವ ಮಾತಾಡುವ ಗ್ಯಾರೇಜಿನಲ್ಲಿ ಆ ಕಿಟ್ ಇಲ್ಲ ಅಂದರೆ ನಾನಂತೂ ಗಾಡಿ ಅಲ್ಲಿ ಬಿಡುವುದಿಲ್ಲ.

ಆಮೇಲೆ ಐನೂರು ಆರುನೂರು ರೂಪಾಯಿಗೆ ಬ್ಲೂಟೂತ್ ಒಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಮಾಹಿತಿ ಓದುವ ಪುಟ್ಟ ಸಾಧನ) ಸಿಗುತ್ತದೆ, ಸ್ಟೀರಿಂಗ್ ಕೆಳಗೆ ಚುಚ್ಚಿದರೆ ಫೋನಿನಲ್ಲೇ ಕೂಲಂಟ್ ಟೆಂಪರೇಚರ್ ಕಾಣುತ್ತದೆ. ನಿಮ್ಮಂಥ ಬರೀ ದೀಪದ ಗಾಡಿಗೆ ಇದು ಬೇಕೇ ಬೇಕು. ಒಂದು ಎಚ್ಚರಿಕೆ. ನೀರು ತೀರಾ ಕಮ್ಮಿಯಾಗಿ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತಿದ್ದರೆ ಅದು ಸುಳ್ಳು ಹೇಳುತ್ತದೆ. ಇಂಜಿನ್ ಬೇಯುತ್ತಿದ್ದರೂ ಇದು 90 ತೋರಿಸಬಹುದು. ಹಾಗಾಗಿ ಮೊದಲು ನೀರು ತುಂಬಿ, ಆಮೇಲೆ ನಂಬರ್ ನಂಬಿ.

ರೇಡಿಯೇಟರ್ ಕಟ್ಟಿದೆಯಾ ಅಂತ ನೋಡಲು ಇನ್‌ಫ್ರಾರೆಡ್ ಗನ್ ಒಳ್ಳೆಯದು, ಬಿಸಿನೀರು ಹರಿಯದ ಜಾಗ ತಣ್ಣಗೆ ತೋರಿಸುತ್ತದೆ. ಕೊರೋನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಮನೆಯಲ್ಲಿದ್ದರೆ ಅದು ಬೇಡ, 43ರ ಹತ್ತಿರಕ್ಕೇ ಅದರ ಕಥೆ ಮುಗಿಯುತ್ತದೆ. ಕೈಗಾರಿಕೆಯದು ಬೇರೆ ಬರುತ್ತದೆ, ಪೀಣ್ಯದಲ್ಲಿ ನಿಮಗೆ ಸಿಗದೇ ಇರುತ್ತದಾ?

---

ಪುತ್ತೂರು–ಪೀಣ್ಯ

ಅಪ್‌ಡೇಟ್. ನಾಲ್ಕು ದಿನ ಆಯಿತು, ಇದೇ ಕೆಲಸ.

ಮೊದಲು ಹೊಸ ಮುಚ್ಚಳ ಹಾಕಿ, ಗಾಳಿ ತೆಗೆದೆ. ಮನೆ ಮುಂದಿನ ಇಳಿಜಾರಿನಲ್ಲಿ ಮೂತಿ ಮೇಲೆ ಮಾಡಿ ನಿಲ್ಲಿಸಿ, ಹೀಟರ್ ಫುಲ್ ಬಿಸಿಗಿಟ್ಟು, ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದೆ. ಹದಿನೈದು ನಿಮಿಷ ಗುಳ್ಳೆ ಬಂತು, ನೀರು ಇಳಿಯಿತು, ತುಂಬಿದೆ. ಮೇಲಿನ ಹೋಸ್ ಒತ್ತಿ ಒತ್ತಿ ಬಿಟ್ಟೆ, ಮತ್ತೆರಡು ದೊಡ್ಡ ಗುಳ್ಳೆ. ಆಮೇಲೆ ನಿಂತೇ ಹೋಯಿತು! ಮುಚ್ಚಳ ಹಾಕಿ ಫ್ಯಾನ್ ಮೂರು ಸಲ ಬರುವವರೆಗೆ ಬಿಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ನೀರು ಬಾಯಿವರೆಗೆ ಇತ್ತು.

ಬ್ಲಾಕ್ ಟೆಸ್ಟ್ ಯಶವಂತಪುರದ ಒಂದು ಗ್ಯಾರೇಜಿನಲ್ಲಿ ಮಾಡಿದರು. ಹತ್ತು ನಿಮಿಷ ಎಳೆದರೂ ನೀಲಿ ನೀಲಿಯಾಗೇ ಇತ್ತು. ಅದನ್ನು ನೋಡಿಕೊಂಡು ನಿಂತಿದ್ದ ಆ ಹತ್ತು ನಿಮಿಷ ಆದಷ್ಟು ಭಯ ಮಗನ ರಿಸಲ್ಟ್ ದಿನ ಕೂಡ ಆಗಿರಲಿಲ್ಲ.

ಗನ್ ಫ್ಯಾಕ್ಟರಿಯ ಸ್ನೇಹಿತನಿಂದ ತಂದೆ. ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ, ರೇಡಿಯೇಟರ್ ಮೇಲೆ ಸಾಲಾಗಿ ಹಿಡಿದೆ. ನೀರು ಒಳಗೆ ಬರುವ ಕಡೆ 91, ಮಧ್ಯದಲ್ಲಿ 84. ಬಲಗಡೆ ಕೆಳಗೆ, ಎರಡು ಅಂಗೈ ಅಗಲದಷ್ಟು ಜಾಗ 52, 54, 51. ಪಕ್ಕದಲ್ಲೇ 80 ಇದೆ, ಇಲ್ಲಿ 52. ಕೈಯಲ್ಲಿ ಮುಟ್ಟಿದರೂ ಗೊತ್ತಾಗುತ್ತದೆ. ಆದರೆ ಮುಟ್ಟುವವರು ಬ್ಯಾಟರಿ ತಂತಿ ಬಿಚ್ಚಿ ಮುಟ್ಟಿ, ನನ್ನ ಬೆರಳು ಅಲ್ಲಿರುವಾಗಲೇ ಫ್ಯಾನ್ ತಿರುಗಲು ಶುರುವಾಯಿತು, ಇಗ್ನಿಷನ್ ಆಫ್ ಇದ್ದರೂ.

ಡಾಂಗಲ್ ಹಾಕಿಕೊಂಡು ನೆಲಮಂಗಲದವರೆಗೆ ಒಮ್ಮೆ ಹೋದೆ (ಹೈವೇ ಬೇಡ ಅಂದಿದ್ದಿರಿ, ಕ್ಷಮಿಸಿ). 70ರಲ್ಲಿ 96, 90ರಲ್ಲಿ 104, ಎಸಿ ಹಾಕಿದ ಮೇಲೆ 109. ಅಲ್ಲಿಂದಲೇ ವಾಪಸ್ ಬಂದೆ.

ಹಾಗಾದರೆ ರೇಡಿಯೇಟರೇ ಅಲ್ವಾ? ತೊಳೆಸಿದರೆ ಸಾಕಾ, ಬದಲಿಸಬೇಕಾ?

---

ಸ್ಪ್ಯಾನರ್ 12

ಬದಲಿಸಿ. ಇಷ್ಟು ಗಟ್ಟಿ ಕಟ್ಟಿದ್ದು ಫ್ಲಶ್ ಪುಡಿಗೆ ಬಿಡುವುದಿಲ್ಲ. ಬಿಟ್ಟರೂ ಅರ್ಧ ಬಿಟ್ಟು, ಚೂರುಗಳು ಹೋಗಿ ಹೀಟರ್ ಕೋರ್‌ನಲ್ಲಿ (ಹೀಟರ್‌ನ ಪುಟ್ಟ ರೇಡಿಯೇಟರ್) ಕೂರುತ್ತವೆ. ಇಂಜಿನ್ ಬ್ಲಾಕ್ ಮಾತ್ರ ತೊಳೆಸಿ, ಹೊಸ ರೇಡಿಯೇಟರ್ ಹಾಕುವ ಮೊದಲೇ. ಹಳೇದು ಇರುವಾಗಲೇ ಕ್ಲೀನರ್ ಹಾಕಿ ಓಡಿಸಿ, ನೀರು ತಿಳಿಯಾಗುವವರೆಗೆ ಇಳಿಸಿ ತುಂಬಿಸಿ. ಆ ಕೊಳೆ ಹಳೇದರ ಜೊತೆಗೇ ಹೋಗಲಿ.

ಥರ್ಮೋಸ್ಟಾಟ್ ಹೊಸದು ಹಾಕಿಸಿ. ಹಾಕುವ ಮೊದಲು ಒಂದು ಪಾತ್ರೆಯಲ್ಲಿ ನೀರು ಕಾಯಿಸಿ ಅದನ್ನು ದಾರ ಕಟ್ಟಿ ಇಳಿಬಿಟ್ಟು, ಬಾಗಿಲು ತೆರೆಯುತ್ತಾ ನೋಡಿ. ಮೇಲೆ 82 ಅಥವಾ 88 ಅಂತ ಕೊರೆದಿರುತ್ತದೆ. ಹೊಸದರಲ್ಲೂ ತೆರೆಯದೇ ಇರುವುದು ಬರುತ್ತದೆ, ನನಗೆ ಎರಡು ಸಲ ಬಂದಿದೆ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ, ಅಲ್ಲಿ ಸೋರಿದ ಕಲೆ ಇದೆಯಾ ನೋಡಿಸಿ. ಇಲ್ಲದಿದ್ದರೆ ಪಂಪ್ ಮುಟ್ಟುವುದು ಬೇಡ.

ಕೂಲಂಟ್ ಬಣ್ಣ ನೋಡಿ ತರಬೇಡಿ. ಹಸಿರು, ಕೆಂಪು, ಗುಲಾಬಿ ಎಲ್ಲ ಕಂಪನಿಯವರ ಇಷ್ಟ, ಬಣ್ಣಕ್ಕೂ ಗುಣಕ್ಕೂ ನೆಂಟಸ್ತನ ಇಲ್ಲ. ಗಾಡಿಯ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದು. ಕ್ಯಾನಿನ ಮೇಲೆ ರೆಡಿ ಮಿಕ್ಸ್ ಅಂತ ಇದ್ದರೆ ಹಾಗೇ ಹಾಕಿ. ಕಾನ್ಸಂಟ್ರೇಟ್ ಆದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ವಾಟರ್ ವಾಶ್ ಪೈಪ್ ಅನ್ನು ಬಾನೆಟ್ ಹತ್ತಿರಕ್ಕೆ ತರಲೇಬೇಡಿ, ಪ್ರೆಶರ್‌ಗೆ ಕಂಡೆನ್ಸರ್‌ನ ರೆಕ್ಕೆಗಳೂ ಮಡಚಿಕೊಳ್ಳುತ್ತವೆ.

---

ತುಮಕೂರು ಟಾಪ್ ಗೇರ್

ಗ್ಯಾಸ್ಕೆಟ್ ಅಂದಿದ್ದು ನನ್ನ ತಪ್ಪು, ಒಪ್ಪಿಕೊಂಡೆ. ನಮ್ಮಪ್ಪನ ಗಾಡಿಗೂ ಒಂದು ವಾಲ್ವ್ ತರಿಸಿದೆ. ಅವರಿಗೆ ಹೇಳಿಲ್ಲ.

ಒಂದು ಡೌಟು. ಇವರ ತರಹ ಘಾಟಿ ಮಧ್ಯೆ ಕೆಂಪು ದೀಪ ಬಂದರೆ ತಕ್ಷಣ ಇಂಜಿನ್ ಆಫ್ ಮಾಡಬೇಕಾ, ಓಡುತ್ತಿರಲು ಬಿಡಬೇಕಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

---

ಹಳೇ ಅಂಬಾಸಿಡರ್

ಮೊದಲು ಎಸಿ ಆಫ್, ಹೀಟರ್ ಫುಲ್ ಬಿಸಿ ಮತ್ತು ಫುಲ್ ಗಾಳಿ, ಕಿಟಕಿ ಇಳಿಸಿ. ಹೀಟರ್ ಅಂದರೆ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್, ಇಂಜಿನ್ ಬಿಸಿಯನ್ನು ನಿಮ್ಮ ಮುಖಕ್ಕೆ ಬಿಡುತ್ತದೆ. ಸೆಕೆಯಲ್ಲಿ ಜೀವ ಹೋಗುತ್ತದೆ, ಆದರೆ ಗಾಡಿ ಪಕ್ಕಕ್ಕೆ ಹಾಕಲು ಜಾಗ ಸಿಗುವವರೆಗೆ ಉಳಿಯುತ್ತದೆ. ಪಕ್ಕಕ್ಕೆ ಹಾಕಿದ ಮೇಲೆ ಹಬೆ ಇಲ್ಲ, ನೀರು ಸೋರುತ್ತಿಲ್ಲ, ಫ್ಯಾನ್ ತಿರುಗುತ್ತಿದೆ ಅಂದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ದೀಪ ಆರುತ್ತಾ ನೋಡಿ. ಹಬೆ ಬರುತ್ತಿದ್ದರೆ, ನೀರು ಚೆಲ್ಲಿದ್ದರೆ, ಆ ಕ್ಷಣವೇ ಆಫ್. ನೀರಿಲ್ಲದೆ ಪಂಪ್ ಏನನ್ನು ತಿರುಗಿಸುತ್ತದೆ? ಕಾದ ಇಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಕಾದ ಹಂಚಿನ ಮೇಲೆ ಸುರಿದ ಹಾಗೆ, ಸೀಳುತ್ತದೆ. ಅರ್ಧ ಮುಕ್ಕಾಲು ಗಂಟೆ ಕೂರಿ. ಹತ್ತುವಾಗ ದೊಡ್ಡ ಗೇರಿನಲ್ಲಿ ಒದ್ದಾಡಿಸಬೇಡಿ, ಸಣ್ಣ ಗೇರಿನಲ್ಲಿ ಇಂಜಿನ್ ಸ್ವಲ್ಪ ಮೇಲೆ ತಿರುಗಿದರೆ ನೀರಿನ ಪಂಪೂ ಚೆನ್ನಾಗಿ ತಿರುಗುತ್ತದೆ.

---

ಪುತ್ತೂರು–ಪೀಣ್ಯ

ಕೊನೆಯ ಅಪ್‌ಡೇಟ್, ಎಲ್ಲರಿಗೂ ಋಣಿ.

ಜೆ.ಸಿ. ರೋಡಿನಿಂದ ಸಾಮಾನು ನಾನೇ ತಂದೆ. ರೇಡಿಯೇಟರ್ 4,800, ಮುಚ್ಚಳ 280, ಥರ್ಮೋಸ್ಟಾಟ್ ಪ್ಯಾಕಿಂಗ್ ಸಮೇತ 950, ಮೇಲಿನ ಹೋಸ್ 450 (ಹಳೇದು ಒತ್ತಿದರೆ ಕರಕರ ಅನ್ನುತ್ತಿತ್ತು), ಕೂಲಂಟ್ 900, ಡಿಸ್ಟಿಲ್ಡ್ ವಾಟರ್ 120, ಫ್ಲಶ್ ಸೇರಿ ಕೂಲಿ 1,800. ಒಟ್ಟು 9,300. ಹಳೇ ರೇಡಿಯೇಟರನ್ನು ಮೆಕ್ಯಾನಿಕ್ ನೆಲಕ್ಕೆ ಕುಟ್ಟಿದಾಗ ಬಾಯಿಂದ ಬಿಳಿ ಚಕ್ಕೆಗಳು ಉದುರಿದವು, ಒಂದು ಹಿಡಿ ಆಗುವಷ್ಟು. ಥೇಟ್ ಗೀಸರ್‌ನದೇ. ಥರ್ಮೋಸ್ಟಾಟ್ ಹಾಲಿನ ಪಾತ್ರೆಯಲ್ಲಿ ಕಾಯಿಸಿ ನೋಡಿದೆ, ತೆರೆಯಿತು. ಆ ಪಾತ್ರೆ ವಿಷಯದಲ್ಲಿ ಮನೆಯಲ್ಲಿ ಏನಾಯಿತು ಅಂತ ಬರೆಯುವುದಿಲ್ಲ.

ಮೊದಲು ನಂದಿ ಬೆಟ್ಟ ಹತ್ತಿಸಿ ನೋಡಿದೆ, 99 ದಾಟಲಿಲ್ಲ. ಹೋದ ಶನಿವಾರ ಊರಿಗೆ ಹೋಗಿ ಭಾನುವಾರ ವಾಪಸ್ ಅದೇ ಶಿರಾಡಿ, ಅದೇ ಟ್ಯಾಂಕರ್ ಸಾಲು, ಎಸಿ ಆನ್. ಮಾರನಹಳ್ಳಿ ಹತ್ತಿರ ಫೋನ್ ನೋಡಿದರೆ 101. ಫ್ಯಾನ್ ಬಂತು, 95ಕ್ಕೆ ಇಳಿಯಿತು. ಮೈಲೇಜ್ ಮತ್ತೆ 16ರ ಹತ್ತಿರ ಬಂದಿದೆ. ದಾರಿಯಲ್ಲಿ ಮತ್ತೆ ಸಿಹಿ ವಾಸನೆ ಬಂತು, ಎದೆ ಧಸಕ್ಕೆಂದಿತು, ಪಕ್ಕಕ್ಕೆ ಹಾಕಿ ಬಾನೆಟ್ ತೆಗೆದೆ. ಎಲ್ಲ ಒಣಗಿತ್ತು. ಈ ಸಲ ನಿಜವಾಗಲೂ ಹಲಸಿನ ಹಣ್ಣೇ.

---

ಹಳೇ ಅಂಬಾಸಿಡರ್

ಹಣ್ಣು ಬಕ್ಕೆಯೋ ತುಳುವೆಯೋ? ಗಟ್ಟಿ ತೊಳೆಯದೋ, ಮೆತ್ತಗೆ ಲೋಳೆಯದೋ?

---

ಪುತ್ತೂರು–ಪೀಣ್ಯ

ತುಳುವೆ. ಸೀಟಿನ ಬಟ್ಟೆ ಇನ್ನೂ ತೊಳೆಯುತ್ತಿದ್ದೇನೆ.